ಒಂದು ಪೊದೆ, ಐವತ್ತೆರಡು ವಿದ್ವಾಂಸರು

ನೆಪೋಲಿಯನ್ ಕಾಲದ ರಣರಂಗಗಳಲ್ಲಿ ಶತ್ರುಸೈನಿಕರ ನಡುವೆ ನಡೆದ ಆಕಸ್ಮಿಕ ಭೇಟಿಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಪ್ರಪಂಚದಲ್ಲಿ ಒಟ್ಟು ಐವತ್ತೆರಡು ಮಂದಿ ಇದ್ದು, ಆ ಐವತ್ತೆರಡು ಮಂದಿಯೂ ವರ್ಜೀನಿಯಾದ ಆಲ್ಡಿಯಲ್ಲಿ, ಒಂದೇ ಬಡಾವಣೆಯಲ್ಲಿ, ಒಂದೇ ಹೊಂಡದ ಸುತ್ತಮುತ್ತ ವಾಸವಾಗಿದ್ದರು. ಇದು ೨೦೨೪ರ ಮೇ ತಿಂಗಳ ಕೊನೆಗಿದ್ದ ಪರಿಸ್ಥಿತಿ. ಅದಕ್ಕೆ ಎಂಟು ತಿಂಗಳ ಹಿಂದೆ ಈ ಕ್ಷೇತ್ರದಲ್ಲಿ ಒಬ್ಬ ವಿದ್ವಾಂಸರೂ ಇರಲಿಲ್ಲ. ಕ್ಷೇತ್ರವೂ ಇರಲಿಲ್ಲ. ಜ್ಞಾನ ಇಷ್ಟು ವೇಗವಾಗಿ ಬೆಳೆಯಲು ಕಾರಣರಾದ ಶೇಷಾದ್ರಿಯವರು ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ ನಲವತ್ತೊಂದು ಅಂಕ ತೆಗೆದುಕೊಂಡು, ಚರಿತ್ರೆಯ ಸಹವಾಸಕ್ಕೆ ಅಲ್ಲಿಗೇ ಕೈಮುಗಿದವರು.

ಶೇಷಾದ್ರಿ ಮೈಸೂರಿನವರು. ಪಕ್ಕದೂರು ಶ್ಯಾಂಟಿಲಿಯ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ೨೦೦೬ರಲ್ಲಿ ಹೆಂಡತಿ ವರಲಕ್ಷ್ಮಿಯನ್ನೂ ಮೂರು ವರ್ಷದ ಮಗಳು ಚೈತನ್ಯಾಳನ್ನೂ ಕರೆದುಕೊಂಡು ವರ್ಕ್ ವೀಸಾದ ಮೇಲೆ ಬಂದಿಳಿದವರು ಅಂದಿನಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದರು. ಸಾಲು ಅಲುಗಾಡುತ್ತಲೇ ಇರಲಿಲ್ಲ ಎಂದರೆ ತಪ್ಪಾದೀತು. ಆಗಾಗ ಹಿಂದಕ್ಕೆ ಹೋಗುತ್ತಿತ್ತು. ಕಂಪನಿಯ ವಕೀಲರು ಲೆಕ್ಕ ಹಾಕಿ, ಶೇಷಾದ್ರಿಯವರ ಸರದಿ ಬರುವಾಗ ಅವರಿಗೆ ನೂರಾ ಹದಿನಾಲ್ಕು ವರ್ಷ ತುಂಬಿರುತ್ತದೆಂದು ತಿಳಿಸಿ, ಅಷ್ಟರೊಳಗೆ ಮನೆ ವಿಳಾಸ ಬದಲಾದರೆ ದಯವಿಟ್ಟು ತಿಳಿಸತಕ್ಕದ್ದು ಎಂದು ಬರೆದಿದ್ದರು.

ಕಾಯುವುದಕ್ಕೆ ಶೇಷಾದ್ರಿಯವರದೇನೂ ತಕರಾರಿರಲಿಲ್ಲ. ತಕರಾರಿದ್ದದ್ದು ಚೈತನ್ಯಾ ದೊಡ್ಡವಳಾಗುತ್ತಿದ್ದಾಳೆ ಎಂಬ ಒಂದೇ ವಿಷಯದಲ್ಲಿ. ೨೦೨೪ರ ಆಗಸ್ಟ್ ಹತ್ತೊಂಬತ್ತಕ್ಕೆ ಅವಳಿಗೆ ಇಪ್ಪತ್ತೊಂದು ತುಂಬುತ್ತಿತ್ತು. ತುಂಬಿದ ದಿನದಿಂದ ವಲಸೆ ಇಲಾಖೆಯ ದೃಷ್ಟಿಯಲ್ಲಿ ಆಕೆ ಅಪ್ಪನ ಮಗಳಲ್ಲ. ಮೂರು ವರ್ಷದವಳಿದ್ದಾಗ ದೇಶದೊಳಗೆ ಬಂದು ಹೊರಗೆ ಹೋಗುವುದನ್ನು ಮರೆತ ಒಬ್ಬ ವಿದೇಶಿ ಮಹಿಳೆ. ಅಷ್ಟರೊಳಗೆ ಅಪ್ಪನಿಗೆ ಗ್ರೀನ್ ಕಾರ್ಡ್ ಮಂಜೂರಾದರೆ ಮಗಳಿಗೂ ಆಯಿತು. ಇಲ್ಲವಾದರೆ ಅವಳು ಹೊರಡಬೇಕು.

ಕಾಲೇಜಿನ ಮೂರನೇ ವರ್ಷದಲ್ಲಿದ್ದ ಚೈತನ್ಯಾ ವಿದ್ಯಾರ್ಥಿನಿಯಾಗಿ ಉಳಿಯಲು ಬೇರೆ ಅರ್ಜಿ ಹಾಕಿ ನೋಡಿದ್ದಳು. ‘ಓದು ಮುಗಿದ ಮೇಲೆ ಮರಳಿ ಹೋಗುವ ಸ್ವಂತ ಊರು’ ಎಂಬ ಕಡೆ ಅವಳು ‘ಆಲ್ಡಿ’ ಎಂದು ಬರೆದಳು. ಅರ್ಜಿ ಹನ್ನೊಂದೇ ದಿನದಲ್ಲಿ ತಿರಸ್ಕೃತವಾಯಿತು. ಇಲಾಖೆ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಬಡಾವಣೆಯಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ.

“ಮೈಸೂರು ಅಂತ ಬರೀಬಾರದಿತ್ತೇನೇ?” ಎಂದು ವರಲಕ್ಷ್ಮಿ ತಲೆ ಚಚ್ಚಿಕೊಂಡರು.

“ಲೈ ಮಾಡಬಾರದು ಅಂತ ಅಪ್ಪಾನೇ ಅಲ್ವಾ ಟೀಚ್ ಮಾಡಿದ್ದು?” ಎಂದಳು ಚೈತನ್ಯಾ.

ಹೌದು, ಕಲಿಸಿದ್ದು ಅವರೇ. ಆ ತಪ್ಪನ್ನು ತಿದ್ದಿಕೊಳ್ಳಲು ಶೇಷಾದ್ರಿ ಸಿದ್ಧಲಿಂಗೇಶ್ ಅವರ ಬಳಿ ಹೋದರು.

ಸಿದ್ಧಲಿಂಗೇಶ್ ಮೊದಲು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದವರು, ಈಗ ಪ್ರತಿಭೆ ಮಾಡಿಕೊಡುತ್ತಿದ್ದರು. ಶ್ಯಾಂಟಿಲಿಯ ಅಂಗಡಿ ಸಾಲಿನ ಮಹಡಿ ಮೇಲೆ, ಹುಬ್ಬು ತೀಡುವ ಪಾರ್ಲರಿಗೂ ಟ್ಯಾಕ್ಸ್ ಫೈಲ್ ಮಾಡಿಕೊಡುವವರಿಗೂ ನಡುವೆ ಅವರ ಆಫೀಸು. ಅಸಾಧಾರಣ ಪ್ರತಿಭಾವಂತರಿಗೆಂದೇ ಬೇರೊಂದು ಸಾಲು ಇದೆಯೆಂದೂ, ಅದು ಬೇಗ ಹೋಗುತ್ತದೆಂದೂ, ತಮ್ಮ ಕ್ಷೇತ್ರದಲ್ಲಿ ಮೇಲಿನ ಶೇಕಡಾ ಎರಡರೊಳಗೆ ಇದ್ದೇವೆಂದು ತೋರಿಸಿದರೆ ಸಾಕೆಂದೂ ಅವರು ವಿವರಿಸಿದರು.

“ಸರ್, ಡೇಟಾಬೇಸಲ್ಲಿ ನೀವು ಅಸಾಧಾರಣ ಅಂತ ಪ್ರೂವ್ ಮಾಡಕ್ಕಾಗತ್ತಾ?”

“ಇಲ್ಲ,” ಎಂದರು ಶೇಷಾದ್ರಿ ಪ್ರಾಮಾಣಿಕವಾಗಿ.

“ಗುಡ್. ಡೇಟಾಬೇಸ್ ಜನ ಕೆಳಗಡೆ ಪಾರ್ಕಿಂಗ್ ಲಾಟಲ್ಲೇ ನಲವತ್ತು ಜನ ಸಿಗ್ತಾರೆ. ಅಷ್ಟೂ ಜನನ ತಳ್ಳಿ ನೀವು ಮೇಲೆ ಬರೋದ್ಯಾವಾಗ? ನಾವೇನು ಮಾಡ್ತೀವಿ ಅಂದ್ರೆ, ಯಾರೂ ಇಲ್ದೇ ಇರೋ ಫೀಲ್ಡ್ ಹುಡುಕ್ತೀವಿ. ಖಾಲಿ ಫೀಲ್ಡಲ್ಲಿ ನೀವು ಎಲ್ಲಿ ನಿಂತ್ರೂ ಟಾಪೇ. ಹೋದ ವರ್ಷ ಒಬ್ರಿಗೆ ಹಿಮಕರಡಿ ಆಕಳಿಕೆ ಕೊಟ್ಟಿದ್ದೆ. ಅಪ್ರೂವ್ ಆಗಿ ಈಗ ದೊಡ್ಡ ಮನೆ ತಗೊಂಡಿದಾರೆ.”

ಆ ಶನಿವಾರ ಲೈಬ್ರರಿಯವರು ಹಳೇ ಪುಸ್ತಕಗಳನ್ನು ರಾಶಿ ಹಾಕಿ ಮಾರುತ್ತಿದ್ದರು. ಶೇಷಾದ್ರಿ ರಟ್ಟು ಹರಿದ ಒಂದು ಪುಸ್ತಕವನ್ನು ಒಂದು ಡಾಲರಿಗೆ ತಂದರು. ನೆಪೋಲಿಯನ್ನನ ಸೇನೆಯಲ್ಲಿದ್ದ ಯಾರೋ ದರ್ಜಿಯೊಬ್ಬ ಮನೆಗೆ ಬರೆದ ಕಾಗದಗಳವು. ಇನ್ನೂರ ಹನ್ನೆರಡನೇ ಪುಟದಲ್ಲಿ, ೧೮೧೩ರ ಅಕ್ಟೋಬರ್ ತಿಂಗಳ ಒಂದು ಕಾಗದ ಹೀಗಿತ್ತು: ‘ಇವತ್ತು ಬೆಳಗ್ಗೆ ದಟ್ಟ ಮಂಜು. ನಾನು ಪೊದೆಯ ಮರೆಗೆ ಹೋದೆ. ಅಲ್ಲಿ ಪ್ರಷ್ಯದ ಸೈನಿಕನೊಬ್ಬ ಆಗಲೇ ಕೂತಿದ್ದ. ಇಬ್ಬರ ಬಂದೂಕುಗಳೂ ದೂರದಲ್ಲಿದ್ದವು. ನಾನೂ ಕೂತೆ. ಅವನು ಮೊದಲು ಎದ್ದು, ತಲೆಬಾಗಿ ವಂದಿಸಿ ಹೊರಟುಹೋದ. ಕಾಲುಚೀಲ ಕಳಿಸಿ.’

“ಎಷ್ಟು ವಾಕ್ಯ ಇದೆ ಸರ್?” ಎಂದು ಸಿದ್ಧಲಿಂಗೇಶ್ ಫೋನಿನಲ್ಲಿ ಕೇಳಿದರು.

“ಏಳು.”

“ಸಾಕು. ವಾಕ್ಯಕ್ಕೆರಡು ಪೇಪರ್ ಬರೆದ್ರೆ ಹದಿನಾಲ್ಕು ಆಯ್ತು.”

ಹೀಗೆ ಕ್ಷೇತ್ರ ಸ್ಥಾಪನೆಯಾಯಿತು. ಶೇಷಾದ್ರಿ ಆಫೀಸು ಮುಗಿಸಿ ಬಂದು ದಿನಾ ಒಂದೊಂದು ಗಂಟೆ ಕೂತು ‘ಮಂಜಿನ ಪಾತ್ರ’, ‘ಮೊದಲು ಎದ್ದವರು: ಒಂದು ಮರುಚಿಂತನೆ’, ‘ಕಾಲುಚೀಲದ ಪ್ರಶ್ನೆ’ ಮುಂತಾದ ಪ್ರಬಂಧಗಳನ್ನು ಬರೆದರು. ಅವನ್ನು ಪ್ರಕಟಿಸಲು ಸಿದ್ಧಲಿಂಗೇಶ್ ಒಂದು ಅಂತರರಾಷ್ಟ್ರೀಯ ಪತ್ರಿಕೆಯನ್ನು ಮಧ್ಯಾಹ್ನ ಊಟದ ವಿರಾಮದಲ್ಲಿ ಆರಂಭಿಸಿದರು. ಪ್ರಬಂಧಗಳನ್ನು ಒರೆಗೆ ಹಚ್ಚಲು ಅದೇ ಕ್ಷೇತ್ರದ ಇನ್ನೊಬ್ಬ ಪರಿಣತರು ಬೇಕಾಗಿದ್ದರು. ಎದುರುಮನೆಯ ಸೊಹೈಲ್ ಮನೆ ಮುಂದಿನ ಹಿಮ ಬಾಚುತ್ತಿದ್ದಾಗ ಶೇಷಾದ್ರಿ ವಿಷಯ ತಿಳಿಸಿದರು. ಸಲಿಕೆ ಕೆಳಗಿಡುವ ಹೊತ್ತಿಗೆ ಸೊಹೈಲ್ ಪರಿಣತರಾಗಿದ್ದರು.

ಸೊಹೈಲ್ ಕೂಡ ಮೈಸೂರಿನವರೇ, ಗ್ರೀನ್ ಕಾರ್ಡಿನ ಹಳೇ ಸಾಲಿನಲ್ಲಿ ಶೇಷಾದ್ರಿಯವರಿಗಿಂತ ಐದು ವರ್ಷ ಹಿಂದೆ ನಿಂತವರು. ಇಬ್ಬರಿರುವ ಕ್ಷೇತ್ರದಲ್ಲಿ ಮೊದಲಿಗರು ಯಾರು ಎಂಬ ಪ್ರಶ್ನೆ ಬಂದಾಗ ಅವರು ಒಂದು ನಿಮಿಷವೂ ಯೋಚಿಸಲಿಲ್ಲ.

“ನೀವೇ ಟಾಪ್ ಇರಿ ಸರ್. ನಮ್ಮ ಕೈನಾತ್ ಇನ್ನೂ ಏಳನೇ ಕ್ಲಾಸು, ನಂಗೆ ಎಂಟು ವರ್ಷ ಟೈಮಿದೆ. ಚೈತನ್ಯಾದು ಅರ್ಜೆಂಟು. ನಾನು ಸೆಕೆಂಡ್ ಇರ್ತೀನಿ.”

ಇಷ್ಟು ವರ್ಷದಲ್ಲಿ ಯಾರೂ ಶೇಷಾದ್ರಿಯವರನ್ನು ಯಾವುದರಲ್ಲೂ ಮುಂದೆ ಬಿಟ್ಟಿರಲಿಲ್ಲ. ಆದರೆ ಸಿದ್ಧಲಿಂಗೇಶ್ ಬೇರೊಂದು ತೊಡಕು ಹೇಳಿದರು. ಇಬ್ಬರಲ್ಲಿ ಒಬ್ಬರೆಂದರೆ ಶೇಕಡಾ ಐವತ್ತಾಯಿತು. ಇಲಾಖೆ ಕೇಳುವುದು ಮೇಲಿನ ಎರಡು. ಆದ್ದರಿಂದ ಕಡಿಮೆಯೆಂದರೂ ಐವತ್ತು ಮಂದಿ ಕೆಳಗಿರಬೇಕು.

ಕೆಳಗಿರಲು ಜನ ಸಿಗುವುದು ನಮ್ಮವರಲ್ಲಿ ಕಷ್ಟ. ಬಡಾವಣೆಯ ಎಂಜಿನಿಯರುಗಳನ್ನು ಕೇಳಿದರೆ ಎಲ್ಲರೂ ಸಂತೋಷದಿಂದ ಒಪ್ಪಿ, ಅಧ್ಯಕ್ಷ ಸ್ಥಾನ ಖಾಲಿ ಇದೆಯೇ ಎಂದು ವಿಚಾರಿಸಿದರು. ಒಬ್ಬರಂತೂ ತಮಗೆ ನೆಪೋಲಿಯನ್ ಬೇಡ, ಅದೇ ಪೊದೆಯಲ್ಲಿ ಬೇರೆ ವಿಭಾಗ ತೆರೆದುಕೊಡಿ ಎಂದರು.

ದಾರಿ ಕಂಡದ್ದು ವರಲಕ್ಷ್ಮಿಯವರಿಗೆ. ಮಾರ್ಚ್ ಕೊನೆಯ ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ಹೊರಗೆ ಕೈ ತೋರಿಸಿ, “ರೀ, ಅಲ್ಲಿ ನೋಡಿ. ಬೇಕಾದಷ್ಟು ಜನ ಇದಾರಲ್ಲ,” ಎಂದರು.

ಮನೆಗಳ ನಡುವೆ ಮಳೆನೀರು ನಿಲ್ಲಲೆಂದು ತೋಡಿದ ಹೊಂಡವೊಂದಿತ್ತು. ಅದರ ಸುತ್ತಲಿನ ಕಾಲುದಾರಿಯಲ್ಲಿ, ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳ ಮಟ್ಟಿಗೆ ಬಂದಿದ್ದ ಹಿರಿಯರು ರೇಷ್ಮೆ ಸೀರೆಗೆ ಸ್ನೀಕರ್ ಹಾಕಿ, ಪಂಚೆಯ ಮೇಲೆ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ ಪ್ರದಕ್ಷಿಣೆ ಹಾಕುತ್ತಿದ್ದರು. ನಿವೃತ್ತ ತಹಸೀಲ್ದಾರರು, ಬ್ಯಾಂಕ್ ಮ್ಯಾನೇಜರುಗಳು, ವಿದ್ಯುತ್ ಮಂಡಳಿಯ ಎಂಜಿನಿಯರುಗಳು, ಹೈಸ್ಕೂಲು ಮೇಡಂಗಳು. ಒಂದು ಕಾಲದಲ್ಲಿ ಅರ್ಧ ಕರ್ನಾಟಕವನ್ನು ನಡೆಸಿದವರು ಈಗ ಕಾರು ಓಡಿಸಲು ಲೈಸೆನ್ಸ್ ಇಲ್ಲದೆ ಸಂಜೆಗೆ ಹನ್ನೊಂದು ಸುತ್ತು ನಡೆಯುತ್ತಿದ್ದರು. ಮರುದಿನವೇ ಪ್ರಕಟಣೆ ಹೊರಟಿತು.

‘ಬಡಾವಣೆಯಲ್ಲಿ ತಾತ್ಕಾಲಿಕವಾಗಿ ತಂಗಿರುವ ತಂದೆತಾಯಂದಿರ ಗಮನಕ್ಕೆ. ಅಂತರರಾಷ್ಟ್ರೀಯ ರಣರಂಗ ಆಕಸ್ಮಿಕ ಭೇಟಿ ಅಧ್ಯಯನ ಸಂಘಕ್ಕೆ ಕೆಳಮಟ್ಟದ ವಿದ್ವಾಂಸರು ಬೇಕಾಗಿದ್ದಾರೆ. ಪೂರ್ವಾನುಭವ ಇರಕೂಡದು. ಕಾಫಿ, ಉಪ್ಪಿಟ್ಟಿನ ವ್ಯವಸ್ಥೆ ಇರುತ್ತದೆ. ಮೊಣಕಾಲು ನೋವಿನವರಿಗೆ ಕುರ್ಚಿ ಒದಗಿಸಲಾಗುವುದು.’

ಸಂಘದ ನಿಯಮಾವಳಿಯನ್ನು ಸಿದ್ಧಲಿಂಗೇಶ್ ರಚಿಸಿದರು. ಅದರ ಏಳನೇ ನಿಯಮ ಮುಖ್ಯವಾದದ್ದು: ‘ಸಾಮಾನ್ಯ ಸದಸ್ಯರು ಅಧ್ಯಕ್ಷರಿಗಿಂತ ಕಡಿಮೆ ತಿಳಿದಿರತಕ್ಕದ್ದು. ಹೆಚ್ಚು ತಿಳಿದಿರುವುದು ಕಂಡುಬಂದಲ್ಲಿ ಏಳು ದಿನಗಳೊಳಗಾಗಿ ಮರೆಯತಕ್ಕದ್ದು.’

ಮೊದಲ ಸಭೆಯಲ್ಲಿ ನಿವೃತ್ತ ತಹಸೀಲ್ದಾರರು ಎದ್ದು ನಿಂತು, ಕೆಳಮಟ್ಟ ಎಂಬುದಕ್ಕೆ ತಮ್ಮ ಆಕ್ಷೇಪವಿಲ್ಲ, ಆದರೆ ಕೆಳಮಟ್ಟದವರೊಳಗೆ ಸೀನಿಯಾರಿಟಿ ಪಟ್ಟಿ ಆಗಲೇಬೇಕು ಎಂದರು. ನಿವೃತ್ತಿಯ ದಿನಾಂಕದಂತೆ ಪಟ್ಟಿ ತಯಾರಾಯಿತು. ಅದರ ವಿರುದ್ಧ ಒಂಬತ್ತು ಮನವಿಗಳು ಬಂದವು, ಎರಡು ಮನೆಗಳ ನಡುವೆ ಮಾತು ನಿಂತಿತು. ಸಂಘ ನಿಜವಾದದ್ದು ಎನ್ನಲು ಬೇರೆ ಸಾಕ್ಷಿಯೇ ಬೇಡವಾಗಿತ್ತು. ಯುಗಾದಿ ಊಟದ ದಿನ, ಮಕ್ಕಳ ವೇಷಭೂಷಣ ಸ್ಪರ್ಧೆಗೂ ಅಂತ್ಯಾಕ್ಷರಿಗೂ ನಡುವಿನ ಹತ್ತು ನಿಮಿಷದಲ್ಲಿ ಶೇಷಾದ್ರಿಯವರಿಗೆ ಶಾಲು ಹೊದಿಸಿ ಜೀವಮಾನ ಸಾಧನೆಯ ಫಲಕ ಕೊಡಲಾಯಿತು. ಕ್ಷೇತ್ರಕ್ಕೆ ಆಗ ಆರು ತಿಂಗಳು ತುಂಬಿತ್ತು. ಚೈತನ್ಯಾ ಫೋಟೊ ತೆಗೆದಳು. ಅಪ್ಪ ನಗುತ್ತಿದ್ದದ್ದನ್ನು ಅವಳು ಬಹಳ ದಿನದ ಮೇಲೆ ನೋಡಿದ್ದಳು.

ಏಪ್ರಿಲ್ ಮೂರನೇ ವಾರ ಅರ್ಜಿ ಹೋಯಿತು. ಮೇ ತಿಂಗಳಲ್ಲಿ ಇಲಾಖೆಯಿಂದ ಪ್ರಶ್ನೆ ಬಂತು. ಅರ್ಜಿದಾರರು ಮೊದಲಿಗರೆಂಬುದು ಸರಿಯಷ್ಟೆ. ಆದರೆ ಉಳಿದ ಐವತ್ತೊಂದು ಮಂದಿ ಈ ಕ್ಷೇತ್ರದಲ್ಲಿ ನಿಜವಾಗಿ ಏನಾದರೂ ಕೆಲಸ ಮಾಡುತ್ತಿದ್ದಾರೆಯೇ? ದಾಖಲೆ ಒದಗಿಸತಕ್ಕದ್ದು.

ಸೊಹೈಲ್ ಶೇಷಾದ್ರಿಯವರ ಪ್ರಬಂಧಗಳನ್ನು ಒರೆಗೆ ಹಚ್ಚಿದ ದಾಖಲೆ ಹೇಗೂ ಇತ್ತು. ಉಳಿದ ಐವತ್ತೂ ಮಂದಿ ಒಂದೊಂದು ಪ್ರಬಂಧ ಬರೆದುಕೊಡಬೇಕೆಂದು ಆದೇಶವಾಯಿತು. ನಲವತ್ತೊಂಬತ್ತು ಪ್ರಬಂಧಗಳು ಏಳನೇ ನಿಯಮಕ್ಕೆ ಸಂಪೂರ್ಣ ಬದ್ಧವಾಗಿದ್ದವು. ಒಬ್ಬರು ತಮ್ಮ ಬೈಪಾಸ್ ಆಪರೇಷನ್ ವೃತ್ತಾಂತವನ್ನು ಬರೆದು, ನೆಪೋಲಿಯನ್ನನಿಗೂ ಹೀಗೇ ಆಗಿದ್ದಿರಬಹುದು ಎಂದು ಕೊನೆಗೆ ಸೇರಿಸಿದ್ದರು. ಇನ್ನೊಬ್ಬರು ಪ್ರಷ್ಯದ ಸೈನಿಕನಿಗೆ ಬರಬೇಕಾಗಿದ್ದ ಪಿಂಚಣಿಯ ಬಗ್ಗೆ ಕಳವಳ ವ್ಯಕ್ತಪಡಿಸಿದ್ದರು.

ಉಳಿದ ಒಬ್ಬರು ಗಂಗಾಂಬಿಕಾ. ಚಾಮರಾಜನಗರದ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಭೂಗೋಳ ಹೇಳಿದವರು, ಫೆಬ್ರುವರಿಯಲ್ಲಿ ಮಗ ಅಭಿಷೇಕನ ಮನೆಗೆ ಬಂದವರು. ಅವರೊಂದು ಸಂಜೆ ಶೇಷಾದ್ರಿಯವರ ಮನೆ ಮೆಟ್ಟಿಲ ಮೇಲೆ ಕೂತು ಕೇಳಿದರು:

“ಅಲ್ಲಪ್ಪ ಶೇಷಾದ್ರಿ, ನೀರು ಎಲ್ಲಿತ್ತು?”

“ಯಾವ ನೀರು ಆಂಟಿ?”

“ಕೂತ್ಕೊಂಡ್ರಲ್ಲಪ್ಪ ಇಬ್ರೂ. ಎದ್ದ ಮೇಲೆ ನೀರು ಬೇಡ್ವಾ?”

“ಅವರು ಯುರೋಪಿನವರು ಆಂಟಿ. ಅವರಿಗೆಲ್ಲ ಅದು…”

“ಸರಿ, ಅವರಿಗೆ ಬೇಡ, ಕುದುರೆಗೆ ಬೇಡ್ವಾ? ಯಾವ ದೇಶದ ಸೈನ್ಯ ಆದ್ರೂ ಇಳ್ಕೊಳ್ಳೋದು ನೀರಿರೋ ಕಡೇನೇ ತಾನೆ?”

“ಚೆನ್ನಾಗಿದೆ ಆಂಟಿ, ಹಾಗೇ ಬರೀರಿ,” ಎಂದರು ಶೇಷಾದ್ರಿ. ಅವರ ಕಣ್ಣು ಫೋನಿನಲ್ಲಿತ್ತು. ಅರ್ಜಿಯ ಸ್ಥಿತಿಗತಿ ತೋರಿಸುವ ಪುಟವನ್ನು ಅವರು ದಿನಕ್ಕೆ ಅರವತ್ತು ಸಲ ನೋಡುತ್ತಿದ್ದರು.

ಐವತ್ತು ಪ್ರಬಂಧಗಳೂ ಬಂದ ಮೇಲೆ ಸಂಘದ ಅಧ್ಯಕ್ಷರಾದ ಶೇಷಾದ್ರಿ ಒಂದೊಂದನ್ನೂ ಓದಿ ಒಪ್ಪಿಗೆ ಸೂಚಿಸಬೇಕಾಗಿತ್ತು. ಆಫೀಸಿನಲ್ಲಿ ಸಹೋದ್ಯೋಗಿಗಳ ಕೋಡ್ ಪರಿಶೀಲಿಸುವಾಗ ಹದಿನೆಂಟು ವರ್ಷದಿಂದ ಅನುಸರಿಸಿಕೊಂಡು ಬಂದ ಪದ್ಧತಿಯನ್ನೇ ಶೇಷಾದ್ರಿ ಇಲ್ಲೂ ಅನುಸರಿಸಿದರು. ಮೊದಲ ಸಾಲು ನೋಡಿದರು, ಕೊನೆಯ ಪುಟಕ್ಕೆ ಇಳಿದರು, ‘ಪರಿಶೀಲಿಸಿದ್ದೇನೆ, ಸರಿಯಾಗಿದೆ’ ಎಂದು ಸಹಿ ಹಾಕಿದರು. ಐವತ್ತಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಸಿದ್ಧಲಿಂಗೇಶ್ ಅವಕ್ಕೆ ನಂಬರು ಹಾಕಿ ಇಲಾಖೆಗೆ ಕಳಿಸಿದರು.

ಉತ್ತರ ಜುಲೈ ಒಂಬತ್ತಕ್ಕೆ ಬಂತು. ಶೇಷಾದ್ರಿ ಗ್ಯಾರೇಜಿನಲ್ಲಿ ನಿಂತು ಓದಿದರು.

‘ತಾವೇ ಲಗತ್ತಿಸಿರು‍ವ ದಾಖಲೆ ನಲವತ್ತೊಂದರ ಪ್ರಕಾರ, ಸದರಿ ಎರಡೂ ಸೈನ್ಯಗಳು ಒಂದೇ ಹಳ್ಳದ ನೀರನ್ನು ಅವಲಂಬಿಸಿ ಬೀಡುಬಿಟ್ಟಿದ್ದವು. ಆ ಹಳ್ಳದ ದಡದಲ್ಲಿ ಎರಡೂ ಕಡೆಯ ಕಾವಲುಗಾರರ ಕಣ್ಣಿಗೆ ಬೀಳದಂಥ ಇಳಿಜಾರು ಒಂದೇ ಇದ್ದು, ಅದರಲ್ಲಿ ಪೊದೆಯೂ ಒಂದೇ ಇತ್ತು. ಬೆಳಗಿನ ಹೊತ್ತು ಅಲ್ಲಿ ಇಬ್ಬರು ಭೇಟಿಯಾದದ್ದು ಆಕಸ್ಮಿಕವಲ್ಲ; ಇಬ್ಬರೇ ಭೇಟಿಯಾದದ್ದು ಮಾತ್ರ ಆಶ್ಚರ್ಯ. ಈ ನಿರ್ಣಯವನ್ನು ತಾವು ಪರಿಶೀಲಿಸಿ, ಸರಿಯಾಗಿದೆಯೆಂದು ಸಹಿ ಹಾಕಿರುತ್ತೀರಿ. ಆದಕಾರಣ ಆಕಸ್ಮಿಕ ಭೇಟಿಯ ಕ್ಷೇತ್ರವು ಅಸ್ತಿತ್ವದಲ್ಲಿರುವುದಿಲ್ಲ. ಇಲ್ಲದ ಕ್ಷೇತ್ರದಲ್ಲಿ ತಾವು ಮೊದಲಿಗರೆಂಬುದನ್ನು ಇಲಾಖೆ ಅಲ್ಲಗಳೆಯುವುದಿಲ್ಲ. ಅರ್ಜಿ ತಿರಸ್ಕರಿಸಲಾಗಿದೆ. ದಾಖಲೆ ನಲವತ್ತೊಂದರ ಲೇಖಕಿಯ ವಿಳಾಸವನ್ನು ಕೂಡಲೇ ತಿಳಿಸತಕ್ಕದ್ದು.’

ಅಂದು ಶೇಷಾದ್ರಿ ದಾಖಲೆ ನಲವತ್ತೊಂದನ್ನು, ಎಂದರೆ ಗಂಗಾಂಬಿಕಾ ಅವರ ಪ್ರಬಂಧವನ್ನು, ಮೊದಲ ಸಲ ಓದಿದರು. ಹದಿನಾಲ್ಕು ಪುಟ. ಮೊಮ್ಮಗಳ ಬಣ್ಣದ ಕಡ್ಡಿಯಲ್ಲಿ ಬರೆದ ಭೂಪಟ. ಹಳ್ಳಕ್ಕೆ ನೀಲಿ, ಇಳಿಜಾರಿಗೆ ಕಂದು, ಪೊದೆಗೆ ಹಸಿರು. ದರ್ಜಿಯ ಉಳಿದ ಕಾಗದಗಳನ್ನೆಲ್ಲ ಅವರು ಓದಿದ್ದರು. ಇಡೀ ಪುಸ್ತಕವನ್ನು ಓದಿದವರು ಐವತ್ತೆರಡು ಮಂದಿಯಲ್ಲಿ ಅವರೊಬ್ಬರೇ. ತಪ್ಪು ಹುಡುಕಲು ಶೇಷಾದ್ರಿ ಮೂರು ಸಲ ಓದಿದರು, ಸಿಗಲಿಲ್ಲ. ಅವರಿಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ತಮ್ಮ ಸಹಿಯ ಮೇಲೆ ಅಸಹ್ಯವಾಯಿತು.

ವಿಷಯ ತಿಳಿದ ಗಂಗಾಂಬಿಕಾ ಓಡಿಬಂದು ವರಲಕ್ಷ್ಮಿಯವರ ಕೈ ಹಿಡಿದುಕೊಂಡು ಅತ್ತರು. “ಪ್ರಬಂಧ ವಾಪಸ್ ತಗೋತೀನಮ್ಮ. ತಪ್ಪು ಬರೆದೆ ಅಂತ ಬರ್ಕೊಡ್ತೀನಿ. ಆ ಮಗೂಗಿಂತ ಹೆಚ್ಚೇನೇ ಪೊದೆ?” ಎಂದರು. ಅದರಂತೆ ಶೇಷಾದ್ರಿ ಇಲಾಖೆಗೆ ಬರೆದು ಕೇಳಿದರು. ‘ಸುಳ್ಳನ್ನು ಹಿಂತೆಗೆದುಕೊಳ್ಳಲು ನಮೂನೆ ಇದೆ. ಸತ್ಯವನ್ನು ಹಿಂತೆಗೆದುಕೊಳ್ಳಲು ನಮೂನೆ ಇರುವುದಿಲ್ಲ’ ಎಂದು ಉತ್ತರ ಬಂತು.

ಇತ್ತ ದಾಖಲೆ ನಲವತ್ತೊಂದು ಕೈಯಿಂದ ಕೈಗೆ ದಾಟಿ, ಸೈನ್ಯಕ್ಕೆ ಬೇಕಾದ್ದನ್ನು ಮಾಡಿಕೊಡುವ ಒಂದು ಕಂಪನಿಯನ್ನು ತಲುಪಿತ್ತು. ಶತ್ರುಗಳು ಎಲ್ಲಿ ಎದುರಾಗುತ್ತಾರೆಂದು ಮೊದಲೇ ಹೇಳಬಲ್ಲವರನ್ನು ಅವರು ಹನ್ನೆರಡು ವರ್ಷದಿಂದ ಹುಡುಕುತ್ತಿದ್ದರಂತೆ. ಕಪ್ಪು ಕಾರೊಂದು ಬಂದು ಗಂಗಾಂಬಿಕಾ ಅವರನ್ನು ಕರೆದೊಯ್ದಿತು. ಅಲ್ಲಿ ಅವರಿಗೆ ಯಾವುದೋ ಬೆಟ್ಟಗುಡ್ಡದ ಭೂಪಟ ತೋರಿಸಿದರು. ಅವರು ಬಣ್ಣದ ಕಡ್ಡಿ ಕೇಳಿ ಪಡೆದು ನಾಲ್ಕು ಪೊದೆಗಳನ್ನು ಗುರುತಿಸಿದರು. ವಾರದೊಳಗೆ ಇಲಾಖೆಯಿಂದಲೇ ಕಾಗದ ಬಂತು: ಅನಿವಾರ್ಯ ಭೇಟಿ ಎಂಬ ಹೊಸ ಕ್ಷೇತ್ರದ ಸ್ಥಾಪಕರೂ ಏಕೈಕ ಪರಿಣತರೂ ಆದ ತಾವು ರಾಷ್ಟ್ರದ ಹಿತದೃಷ್ಟಿಯಿಂದ ಇಲ್ಲಿಯೇ ಉಳಿಯತಕ್ಕದ್ದು, ಕಾರ್ಡು ಪ್ರತ್ಯೇಕ ಲಕೋಟೆಯಲ್ಲಿ ಬರುತ್ತದೆ.

“ನಂಗ್ಯಾಕಪ್ಪ ಕಾರ್ಡು? ಆಗಸ್ಟ್ ಹದಿನೆಂಟಕ್ಕೆ ನನ್ನ ಟಿಕೆಟ್ ಇದೆ, ನಾನು ಊರಿಗೆ ಹೋಗ್ತೀನಿ,” ಎಂದರು ಅವರು.

“ಅಮ್ಮ, ಪ್ಲೀಸ್ ಒಪ್ಕೊ,” ಎಂದ ಅಭಿಷೇಕ್. ಅವನು ದಿನಾ ವಾಷಿಂಗ್ಟನ್ನಿಗೆ ಮೆಟ್ರೊದಲ್ಲಿ ಹೋಗಿಬಂದು ಹನ್ನೆರಡು ವರ್ಷ ಸಾಲಿನಲ್ಲಿ ಕಳೆದವನು. “ನೀನು ಸಿಟಿಜನ್ ಆಗಿ ನಂಗೆ ಸ್ಪಾನ್ಸರ್ ಮಾಡಿದ್ರೆ ಇನ್ನು ಇಪ್ಪತ್ತೇ ವರ್ಷ.” ಎಪ್ಪತ್ತನಾಲ್ಕರ ಗಂಗಾಂಬಿಕಾ ಮಗನ ಮುಖ ನೋಡಿದರು, ಒಪ್ಪಿದರು.

ಚೈತನ್ಯಾಳಿಗೆ ಇನ್ನು ಉಳಿದಿದ್ದದ್ದು ಟಿಕೆಟ್ ಹುಡುಕುವ ಕೆಲಸ. ಆಗಸ್ಟಿನಲ್ಲಿ ಬೆಂಗಳೂರಿನ ಕಡೆಗೆ ಒಂದು ಸೀಟೂ ಇರಲಿಲ್ಲ. ಇದ್ದದ್ದು ಒಂದೇ, ಹದಿನೆಂಟನೇ ತಾರೀಕಿನದು, ಗಂಗಾಂಬಿಕಾ ಅವರದು. ಅವರು ಅದನ್ನು ತಾವಾಗಿಯೇ ತಂದುಕೊಟ್ಟರು. ವಿಮಾನದ ಕಂಪನಿಯವರು ಸಂದರ್ಭವನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಟಿಕೆಟ್ಟಿನ ಮೇಲಿನ ಹೆಸರು ಬದಲಾಯಿಸಲು ಅಡ್ಡಿಯಿಲ್ಲವೆಂದರು. ಆದರೆ ಅಮ್ಮನಿಗೆ ಅನುಕೂಲವಾಗಲೆಂದು ಅಭಿಷೇಕ್ ಇಲ್ಲದ ತೊಂದರೆಗಳನ್ನೆಲ್ಲ ಬರೆಸಿ ಟಿಕೆಟ್ಟಿನ ಜೊತೆ ಕಾಯ್ದಿರಿಸಿದ್ದ ವಿಶೇಷ ಸೇವೆಗಳು ಆರೋಗ್ಯದ ಕಾರಣಕ್ಕೆ ಕೊಟ್ಟವಾದ್ದರಿಂದ ಅವನ್ನು ಬದಲಾಯಿಸಲು ಬರುವುದಿಲ್ಲ. ಪ್ರಯಾಣಿಕರು ನಿರಾಕರಿಸಿದರೆ ಟಿಕೆಟ್ಟೇ ರದ್ದಾಗುತ್ತದೆ.

ಹದಿನೆಂಟರಂದು ಮಧ್ಯಾಹ್ನ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇಡೀ ವಿದ್ವತ್ ವಲಯ ಬಂದಿತ್ತು. ನಲವತ್ತೊಂಬತ್ತು ಹಿರಿಯರು ಚಕ್ಕುಲಿ, ಕೋಡುಬಳೆ, ತಮ್ಮ ಊರಿನ ಮನೆಗಳ ಬೀಗದ ಕೈ, ಅಲ್ಲಿನ ಆಟೊದವರ ಜೊತೆ ಮಾತಾಡಬೇಕಾದ ರೀತಿ ಎಲ್ಲವನ್ನೂ ಚೈತನ್ಯಾಳಿಗೆ ಕೊಟ್ಟರು. ಗಂಗಾಂಬಿಕಾ ಮಾತ್ರ ಒಂದು ಕಂಬದ ಮರೆಗೆ ನಿಂತಿದ್ದರು. ಸೊಹೈಲ್ ಶೇಷಾದ್ರಿಯವರ ಹೆಗಲ ಮೇಲೆ ಕೈ ಇಟ್ಟು, ಸ್ವಲ್ಪ ಸಂಕೋಚದಿಂದ ಹೇಳಿದರು:

“ಸರ್, ತಪ್ಪು ತಿಳ್ಕೋಬೇಡಿ. ನಾನು ಅನಿವಾರ್ಯಕ್ಕೆ ಶಿಫ್ಟ್ ಆಗ್ತಾ ಇದೀನಿ. ಆಂಟಿ ಕೆಳಗೆ ಸೆಕೆಂಡ್ ಪ್ಲೇಸ್ ಖಾಲಿ ಇದೆಯಂತೆ. ಕೈನಾತ್ ಬೇರೆ ಎಂಟನೇ ಕ್ಲಾಸಿಗೆ ಬಂದ್ಳು.”

“ಬೇಗ ಸೇರಿ,” ಎಂದರು ಶೇಷಾದ್ರಿ. ಮನಸಾರೆ ಹೇಳಿದರು.

ಕೌಂಟರಿನ ಬಳಿ ವೀಲ್‌ಚೇರ್ ಕಾದಿತ್ತು. ಅದನ್ನು ತಳ್ಳುವ ಯುವಕ ಕೈಯಲ್ಲಿದ್ದ ಹಾಳೆ ನೋಡಿ ಚೈತನ್ಯಾಳ ಕೊರಳಿಗೊಂದು ಚೀಟಿ ತೂಗುಹಾಕಿದ: ‘ವೃದ್ಧ ಪ್ರಯಾಣಿಕರು. ನಡೆಯಲಾರರು. ಇಂಗ್ಲಿಷ್ ಬಾರದು, ಕನ್ನಡ ಮಾತ್ರ. ಮೆತ್ತಗಿನ ಆಹಾರ.’

ತನಗೆ ನಡೆಯಲು ಬರುತ್ತದೆ ಎಂದು ಚೈತನ್ಯಾ ಅವನಿಗೆ ಸ್ವಚ್ಛ ಅಮೆರಿಕನ್ ಇಂಗ್ಲಿಷಿನಲ್ಲಿ ಹೇಳಿದಳು. ಅವನು ವಿನಯದಿಂದ ಕೇಳಿಸಿಕೊಂಡ. ಆಮೇಲೆ ಕೌಂಟರಿನ ಹೆಂಗಸಿನ ಕಡೆ ತಿರುಗಿ, ಇವರಿಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ಇವರು ಈಗ ಹೇಳಿದ್ದನ್ನು ಬರೆದುಕೊಳ್ಳುವುದು ಹೇಗೆ ಎಂದು ಕೇಳಿದ. ಬರೆದುಕೊಳ್ಳುವಂತಿಲ್ಲ ಎಂದು ಆಕೆ ಹೇಳಿದಳು.

“ಅಪ್ಪಾ, ನಂಗೆ ಕಾಲ್ ಇದೆ. ನಾನು ನಡೀತೀನಿ,” ಎಂದಳು ಚೈತನ್ಯಾ, ಕನ್ನಡದಲ್ಲಿ.

“ಕೂತ್ಕೋ ಪುಟ್ಟ. ಇಲ್ಲಾಂದ್ರೆ ಟಿಕೆಟ್ ಹೋಗತ್ತೆ.”

ಅವಳು ಕೂತಳು. ಹಿರಿಯರೆಲ್ಲ ಅದೇ ಒಳ್ಳೆಯದು, ಅಷ್ಟು ದೂರ ನಡೆಯುವುದು ತಪ್ಪಿತು ಎಂದು ಒಪ್ಪಿಕೊಂಡರು. ತಹಸೀಲ್ದಾರರು ಕಾಲಿಡುವ ಹಲಗೆಯನ್ನು ಸರಿಪಡಿಸಿದರು. ವರಲಕ್ಷ್ಮಿ ಮಗಳ ಮಡಿಲಿಗೆ ಶಾಲು ಹೊದಿಸಿ, ಚೀಟಿ ತಿರುಚಿಕೊಂಡಿದ್ದನ್ನು ನೆಟ್ಟಗೆ ಮಾಡಿ, ಮುಖ ಅತ್ತ ತಿರುಗಿಸಿಕೊಂಡರು.

ಗೇಟಿನವರೆಗೆ ಜೊತೆಗೆ ಹೋಗಲು ಒಬ್ಬರಿಗೆ ಅನುಮತಿ ಇತ್ತು. ಅದೂ ವಿಶೇಷ ಸೇವೆಯಲ್ಲೇ ಸೇರಿತ್ತು. ಕೌಂಟರಿನ ಹೆಂಗಸು ಹಾಳೆ ನೋಡಿ, ಇಲ್ಲಿ ದಾಖಲಾಗಿರುವುದು ಪ್ರಯಾಣಿಕರ ಮಗ, ನೀವು ಮಗನೇ ಎಂದು ಶೇಷಾದ್ರಿಯವರನ್ನು ಕೇಳಿದಳು. ನಾಳೆ ಬೆಳಗಾದರೆ ಚೈತನ್ಯಾ ಅವರ ಮಗಳಲ್ಲ. ಮಗನೆಂದರೆ ಇನ್ನು ನಾಲ್ಕು ನೂರು ಗಜ ಜೊತೆಗೆ ಹೋಗಬಹುದು.

“ಹೌದು,” ಎಂದು ಅವರು ಸಹಿ ಹಾಕಿದರು. ಈ ಸಲ ಪೂರ್ತಿ ಓದಿಯೇ ಹಾಕಿದರು.

ಗೇಟಿನ ಬಳಿ ಚೈತನ್ಯಾ ಅಪ್ಪನ ಅಂಗಿಯ ಕಾಲರ್ ಸರಿಮಾಡಿದಳು. “ಬಿಪಿ ಟ್ಯಾಬ್ಲೆಟ್ ಸ್ಕಿಪ್ ಮಾಡ್ಬೇಡ. ಅಮ್ಮನ ಜೊತೆ ಫೈಟ್ ಮಾಡ್ಬೇಡ. ಟೈಮಿಗೆ ಊಟ ಮಾಡು, ಓಕೆ?” ಎಂದಳು. ಶೇಷಾದ್ರಿ ಎಲ್ಲದಕ್ಕೂ ತಲೆಯಾಡಿಸಿದರು.

ವೀಲ್‌ಚೇರ್ ತಳ್ಳುವ ಯುವಕ ಅವರ ಮುಖ ನೋಡಿ ಕನಿಕರದಿಂದ ಬೆನ್ನು ತಟ್ಟಿದ. ನೀವೇನೂ ಯೋಚನೆ ಮಾಡಬೇಡಿ, ನಿಮ್ಮ ತಾಯಿಯನ್ನು ಜೋಪಾನವಾಗಿ ಕರೆದುಕೊಂಡು ಹೋಗುತ್ತೇವೆ ಎಂದ.

“ಥ್ಯಾಂಕ್ಯೂ,” ಎಂದರು ಶೇಷಾದ್ರಿ.